ಸ್ಟೆಪ್ನಿ ಇಳಿಸಿದರೆ ಸೆಕೆಂಡ್ ಇಳಿಯುತ್ತದೆಯೇ?

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಮಂಗಳೂರಿನ ಬೈಕಂಪಾಡಿಯಲ್ಲಿ ಲಾರಿ ತೂಗುವ ವೇಬ್ರಿಜ್ ಒಂದರಲ್ಲಿ ಸರತಿ ನಿಂತಿದ್ದೆವು. ಮುಂದೆ ಕಲ್ಲಿದ್ದಲಿನ ಲಾರಿ, ಹಿಂದೆ ಮೀನಿನ ಗಾಡಿ, ನಡುವೆ ಉಡುಪಿಯ ಗೆಳೆಯನ ಬಿಳಿ ಪೋಲೊ ಜಿಟಿ. ಕಿಟಕಿಯಿಂದ ತಲೆ ಹೊರಹಾಕಿ ವೇಬ್ರಿಜ್‌ನವರು ಕೇಳಿದರು, "ಎಂತ ಲೋಡ್ ಉಂಟು?"

"ಲೋಡ್ ಎಂತದೂ ಇಲ್ಲ ಮಾರಾಯ್ರೆ. ಇದ್ದದ್ದನ್ನು ತೆಗ್ದಿದ್ದೇವೆ. ಎಷ್ಟು ಕಡಿಮೆ ಆಯ್ತು ಅಂತ ನೋಡ್ಲಿಕ್ಕೆ ಬಂದದ್ದು."

ಅವರು ನಮ್ಮಿಬ್ಬರ ಮುಖವನ್ನು ಒಮ್ಮೆ, ಕಾರನ್ನು ಒಮ್ಮೆ ನೋಡಿ ಚೀಟಿ ಹರಿದುಕೊಟ್ಟರು. 1,100 ಕೆಜಿ. ಹದಿನೈದು ದಿನ ಮೊದಲು ಅದೇ ಜಾಗದಲ್ಲಿ ತೂಗಿಸಿದಾಗಲೂ 1,100. ಈ ನಡುವೆ ಗೆಳೆಯ ಸೀಸದ ಬ್ಯಾಟರಿ ತೆಗೆದು ಪುಟ್ಟ ಲಿಥಿಯಂ ಬ್ಯಾಟರಿ ಹಾಕಿಸಿದ್ದ. ಕಳಚಿದ್ದನ್ನೂ ಹಾಕಿದ್ದನ್ನೂ ಮನೆಯ ತಕ್ಕಡಿಯಲ್ಲಿಟ್ಟು ನೋಡಿದರೆ ಉಳಿತಾಯ 9 ಕೆಜಿ. ಲಾರಿ ತೂಗುವ ಯಂತ್ರ ಓದುವುದು 20 ಕೆಜಿಯ ಮೆಟ್ಟಿಲಲ್ಲಿ. ಒಂಬತ್ತು ಕೆಜಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಬ್ಯಾಟರಿಗೆ ಕೊಟ್ಟ ದುಡ್ಡು ನೆನೆದು ಅವನ ಮುಖ ಸಣ್ಣದಾಯಿತು. ಆ ದುಡ್ಡು ಎಷ್ಟೆಂದು ಇಲ್ಲಿ ಬರೆಯುವುದಿಲ್ಲ, ಅವನ ಹೆಂಡತಿಯೂ ಇದನ್ನು ಓದಬಹುದು.

ರೇಸ್ ಟ್ರ್ಯಾಕಿನಲ್ಲಿ ಓಡಿಸಲಿಕ್ಕೆಂದು ಕಾರಿನ ತೂಕ ಇಳಿಸುವ ಹುಚ್ಚು ಈಗ ನಮ್ಮ ಕಡೆಗೂ ಬಂದಿದೆ. ಮರವಂತೆಯವರೆಗೆ ಭಾನುವಾರದ ಸವಾರಿ ಹೊರಡುವ ಗುಂಪುಗಳಲ್ಲಿ ಪೋಲೊ, ಆಕ್ಟೇವಿಯಾ ಆರ್‌ಎಸ್ ಇರುತ್ತವೆ. ಆಗೊಮ್ಮೆ ಈಗೊಮ್ಮೆ ಬಿಎಂಡಬ್ಲ್ಯು ಎಂ2, ಪೋರ್ಷೆ ಕೇಮನ್ ಕೂಡ. ಚಹಾ ಕುಡಿಯುತ್ತ ಮಾತು ಇಂಜಿನ್ನಿನಿಂದ ಶುರುವಾಗಿ ತೂಕಕ್ಕೆ ಬಂದು ನಿಲ್ಲುತ್ತದೆ. ಹಿಂದಿನ ಸೀಟು ತೆಗೆಯೋಣವೇ? ಎಸಿ ಕಿತ್ತುಹಾಕೋಣವೇ? ಹಗುರದ ರಿಮ್ ಹಾಕಿಸೋಣವೇ?

ಈ ಪ್ರಶ್ನೆಗಳಿಗೆ ಕಾರಣ ಇಲ್ಲದಿಲ್ಲ. ಹೊಸ ಕಾರುಗಳು ವರ್ಷದಿಂದ ವರ್ಷಕ್ಕೆ ಭಾರವಾಗುತ್ತಿವೆ. 2024ರಲ್ಲಿ ಬಂದ ಹೈಬ್ರಿಡ್ ಬಿಎಂಡಬ್ಲ್ಯು ಎಂ5 ತೂಗುವುದು 2,435 ಕೆಜಿ. ಸ್ಪೋರ್ಟ್ಸ್ ಸೆಡಾನ್ ಎಂದು ಮಾರುವ ವಾಹನವೊಂದು ಎರಡು ಪೋಲೊಗಳಿಗಿಂತ ಭಾರ. ಅದೇ 1996ರ ಲೋಟಸ್ ಎಲೀಸ್ ಸುಮಾರು 725 ಕೆಜಿ ಇತ್ತು, 118 ಅಶ್ವಶಕ್ತಿಯಲ್ಲೇ ದೊಡ್ಡ ಕಾರುಗಳನ್ನು ತಿರುವಿನಲ್ಲಿ ಅಟ್ಟಿಸಿಕೊಂಡು ಹೋಗುತ್ತಿತ್ತು. ಫಾರ್ಮುಲಾ ಒನ್‌ನವರಿಗೂ ಇದು ತಲೆಬಿಸಿಯಾಗಿ, 2025ರಲ್ಲಿ 800 ಕೆಜಿ ಇದ್ದ ಕನಿಷ್ಠ ತೂಕವನ್ನು 2026ರ ನಿಯಮದಲ್ಲಿ 768ಕ್ಕೆ ಇಳಿಸಿದರು. ಮಣಿಪಾಲದ ಫಾರ್ಮುಲಾ ಮಣಿಪಾಲ್ ತಂಡದ ಅಥವಾ ಸುರತ್ಕಲ್‌ನ ಎನ್‌ಐಟಿಕೆ ರೇಸಿಂಗ್ ತಂಡದ, ತಾವೇ ಕಾರು ಕಟ್ಟುವ ವಿದ್ಯಾರ್ಥಿಗಳನ್ನು ಮಾತಿಗೆಳೆಯಿರಿ, ಬೋಲ್ಟ್‌ಗಳನ್ನೂ ಗ್ರಾಮಿನಲ್ಲಿ ಲೆಕ್ಕ ಹಾಕುತ್ತಾರೆ. ಅವರದ್ದು ಖಾಲಿ ಕಾಗದದಿಂದ ಶುರುವಾಗುವ ಕಾರು. ನಮ್ಮದು ಶೋರೂಮಿನಿಂದ ಬಂದದ್ದು. ಈ ವ್ಯತ್ಯಾಸವೇ ದೊಡ್ಡದು.

ಮೊದಲು ಲಾಭ ಎಷ್ಟೆಂದು ನೋಡೋಣ. 110 ಪಿಎಸ್‌ನ (ಹೆಚ್ಚುಕಡಿಮೆ ಅಶ್ವಶಕ್ತಿಯೇ) 1,100 ಕೆಜಿ ಕಾರು, ಒಳಗೆ 70 ಕೆಜಿಯ ಚಾಲಕ. 45 ಕೆಜಿ ಇಳಿಸಿದರೆ ವೇಗ ಹೆಚ್ಚಿಸಿಕೊಳ್ಳುವುದರಲ್ಲಿ ಸಿಗುವ ಅನುಕೂಲ ಸುಮಾರು 4 ಪಿಎಸ್ ಸೇರಿಸಿದಷ್ಟು. ಟರ್ಬೊ ಇಂಜಿನ್ನಿನ ಕಂಪ್ಯೂಟರಿಗೆ ರೀಮ್ಯಾಪ್, ಅಂದರೆ ಹೊಸ ಸಾಫ್ಟ್‌ವೇರ್, ಮಾಡಿಸಿದರೆ ಇದರ ನಾಲ್ಕೈದು ಪಾಲು ಸಿಗುತ್ತದೆ. ವೇಗ ಹೆಚ್ಚಾದಂತೆ ಗಾಳಿಯ ತಡೆಯೇ ಯಜಮಾನನಾಗುವುದರಿಂದ ಉದ್ದ ನೇರ ದಾರಿಯ ಕೊನೆಯಲ್ಲಿ ತೂಕದ ಮಾತು ಇನ್ನೂ ಸಣ್ಣದಾಗುತ್ತದೆ. ಹಾಗಾಗಿ ಕೊಯಮತ್ತೂರಿನ ಕರಿ ಸ್ಪೀಡ್‌ವೇಯ 2.1 ಕಿ.ಮೀ. ಸುತ್ತಿನಲ್ಲಿ ಸಿಗುವಷ್ಟು ಪ್ರಯೋಜನ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನ ಒಂದು ಕಿ.ಮೀ. ಮೀರಿದ ನೇರ ಓಟದಲ್ಲಿ ಸಿಗದು.

ತಿರುವಿನಲ್ಲಿ ಕತೆ ಬೇರೆ. ಟಯರಿನ ಮೇಲೆ ಎರಡು ಪಾಲು ಭಾರ ಹೇರಿದರೆ ಹಿಡಿತ ಎರಡು ಪಾಲಾಗುವುದಿಲ್ಲ, ಅದಕ್ಕಿಂತ ಒಂದಿಷ್ಟು ಕಡಿಮೆಯೇ ಆಗುತ್ತದೆ. ಭಾರದ ಕಾರಿನ ಟಯರ್ ಪ್ರತಿ ಕೆಜಿಗೂ ಸ್ವಲ್ಪ ನಷ್ಟದಲ್ಲೇ ಕೆಲಸ ಮಾಡುತ್ತಿರುತ್ತದೆ. ತೂಕ ಇಳಿದಾಗ ತಿರುವಿನಲ್ಲೂ ಬ್ರೇಕಿನಲ್ಲೂ ಸಿಗುವ ಸಣ್ಣ ಲಾಭದ ಗುಟ್ಟು ಇದು. ಎಲ್ಲ ಸೇರಿಸಿ, ಎರಡು ನಿಮಿಷದ ಒಂದು ಸುತ್ತಿನಲ್ಲಿ 45 ಕೆಜಿಗೆ ಅರ್ಧದಿಂದ ಒಂದು ಸೆಕೆಂಡ್ ಎಂದು ನಾನು ಅಂದಾಜು ಹಾಕುತ್ತೇನೆ.

ಒಂದು ಸೆಕೆಂಡ್ ಕಡಿಮೆಯೇನಲ್ಲ, ರೇಸಿನಲ್ಲಿ. ಆದರೆ ವರ್ಷಕ್ಕೆರಡು ಸಲ ಟ್ರ್ಯಾಕಿಗೆ ಹೋಗುವ ನಮ್ಮಂಥವರ ಸುತ್ತುಗಳ ಸಮಯ ಬರೆದಿಟ್ಟು ನೋಡಿ. ಒಂದು ಸುತ್ತಿಗೂ ಮುಂದಿನದಕ್ಕೂ ಎರಡು ಮೂರು ಸೆಕೆಂಡ್ ಅಂತರ ಸುಮ್ಮನೆ ಬರುತ್ತದೆ. ಒಂದು ಕಡೆ ಬ್ರೇಕ್ ಬೇಗ ತುಳಿದಿರುತ್ತೇವೆ, ಇನ್ನೊಂದು ಕಡೆ ಗೇರ್ ತಪ್ಪಿರುತ್ತದೆ. ಆ ಗದ್ದಲದಲ್ಲಿ ಅರ್ಧ ಸೆಕೆಂಡನ್ನು ಹುಡುಕುವುದೂ ಲಾರಿ ತಕ್ಕಡಿಯಲ್ಲಿ ಬ್ಯಾಟರಿ ತೂಗುವುದೂ ಒಂದೇ. ಒಳ್ಳೆಯ ಹಿಡಿತದ ಟಯರ್ ಹಾಕಿದರೆ ಸೆಕೆಂಡುಗಳೇ ಇಳಿಯುತ್ತವೆ. ಅನುಭವಿ ತರಬೇತುದಾರರೊಬ್ಬರನ್ನು ಅರ್ಧ ದಿನ ಪಕ್ಕದಲ್ಲಿ ಕೂರಿಸಿಕೊಂಡರೆ ಇನ್ನೂ ಹೆಚ್ಚು. ಪಕ್ಕದಲ್ಲಿ ಕೂತವರ ತೂಕ 80 ಕೆಜಿ ಇದ್ದರೂ ಸರಿ.

ಇಷ್ಟಾದರೂ ತೂಕ ಇಳಿಸುವುದು ದಂಡ ಎಂದು ನಾನು ಹೇಳುತ್ತಿಲ್ಲ. ಲಾಭವನ್ನು ನಾವು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೇವೆ, ಅಷ್ಟೆ. ಗಡಿಯಾರದಲ್ಲಲ್ಲ, ಬ್ರೇಕಿನಲ್ಲಿ ಹುಡುಕಬೇಕು.

ಅದೇ ಪೋಲೊ, ಚಾಲಕ ಸೇರಿ 1,170 ಕೆಜಿ. ಗಂಟೆಗೆ 160 ಕಿ.ಮೀ. ವೇಗದಿಂದ 60ಕ್ಕೆ ಇಳಿಸುವಾಗ ಬ್ರೇಕುಗಳು ನುಂಗಬೇಕಾದ ಶಾಖ ಸುಮಾರು 10 ಲಕ್ಷ ಜೂಲ್. ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ಮೂರು ಲೀಟರಿಗೂ ಮಿಕ್ಕಿದ ನೀರನ್ನು ನಮ್ಮ ಊರಿನ ಸೆಕೆಯ ಉಷ್ಣತೆಯಿಂದ ಕುದಿಗೆ ತರುವಷ್ಟು. ಅದೂ ಮೂರು ನಾಲ್ಕು ಸೆಕೆಂಡಿನೊಳಗೆ, ಬಹುಪಾಲು ಮುಂದಿನ ಎರಡು ಡಿಸ್ಕ್‌ಗಳಲ್ಲಿ. ಆ ಶಾಖ ಪೂರ್ತಿ ಆರುವ ಮೊದಲೇ ಮುಂದಿನ ತಿರುವು. ನಾಲ್ಕನೆಯ ಸುತ್ತಿಗೆ ಪೆಡಲ್ ಮೆತ್ತಗಾಗುತ್ತದೆ, ಐದನೆಯದಕ್ಕೆ ಸುಟ್ಟ ವಾಸನೆ, ಆರನೆಯದಕ್ಕೆ ಜಾಣರು ಒಳಗೆ ಬರುತ್ತಾರೆ. ಶಾಖ ತೂಕಕ್ಕೆ ನೇರ ಅನುಪಾತದಲ್ಲಿದೆ. 45 ಕೆಜಿ ಕಳೆದರೆ ಸುಮಾರು 4 ಶೇಕಡಾ ಶಾಖ ಪ್ರತಿ ಬ್ರೇಕಿನಲ್ಲೂ ಕಡಿಮೆ. ಟಯರಿನ ಹೆಗಲಿಗೂ ಅಷ್ಟು ನೆಮ್ಮದಿ. ನೋಡಲು ಸಣ್ಣದು, ಆದರೆ ಬ್ರೇಕ್ ದ್ರವ ಕುದಿಯುವ ಅಂಚಿನಲ್ಲಿರುವ ಕಾರಿಗೆ ಇನ್ನೆರಡು ಸುತ್ತು ಸಿಗುವುದೂ ಸಿಗದಿರುವುದೂ ಇಂಥ ಸಣ್ಣದರಿಂದಲೇ. ಹವ್ಯಾಸಿಗೆ ಬೇಕಾದದ್ದು ಹೆಚ್ಚು ಸುತ್ತು, ಕಡಿಮೆ ಸಮಯವಲ್ಲ. (ಬ್ರೇಕ್ ದ್ರವ ಬದಲಿಸದೆ ಕಾರ್ಬನ್ ಬಾನೆಟ್ ತರಿಸಿದವರನ್ನೂ ನಾನು ಕಂಡಿದ್ದೇನೆ. ಅವರಿಗೆ ಏನೂ ಹೇಳಲಿಲ್ಲ.)

ಯಾವ ತೂಕ ಇಳಿಸಬೇಕು ಎಂಬುದನ್ನು ಕಲಿಯಲು ಪುತ್ತೂರು, ಸುಳ್ಯದ ಅಡಿಕೆ ತೋಟಕ್ಕೆ ಹೋದರೆ ಸಾಕು. ಮರ ಹತ್ತುವವರು ಸಿಗದೆ ಕಂಗೆಟ್ಟಿದ್ದ ಬೆಳೆಗಾರರು ಈಚಿನ ವರ್ಷಗಳಲ್ಲಿ ನೆಲದಿಂದಲೇ ಗೊನೆ ಕೊಯ್ಯುವ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿ, ಹಿಡಿದಿದ್ದಾರೆ. ಹಳೆಯ ದೋಟಿಯ ಬುಡ ಎಷ್ಟೇ ಭಾರವಿದ್ದರೂ ಕೈ ಸಹಿಸುತ್ತಿತ್ತು. ತುದಿಯಲ್ಲಿ ಕತ್ತಿಯ ಜೊತೆ ಸ್ವಲ್ಪ ಭಾರ ಹೆಚ್ಚಾದರೂ ಕೊಕ್ಕೆ ಗೊನೆಗೆ ಸಿಗದೆ ಅತ್ತಿತ್ತ ಓಲಾಡುತ್ತಿತ್ತು. ಒಂದೇ ಕೆಜಿ, ಕೈಯ ಹತ್ತಿರವಿದ್ದರೆ ಒಂದು ಬಗೆ, ತುದಿಯಲ್ಲಿದ್ದರೆ ಇನ್ನೊಂದು. ಕಾರಿನಲ್ಲೂ ಹಾಗೆಯೇ. ನಡುವಿನಲ್ಲಿ, ತಗ್ಗಿನಲ್ಲಿ ಕೂತ ಚಾಲಕನ ಸೀಟಿನ ಐದು ಕೆಜಿಗಿಂತ ಎರಡು ತುದಿಗಳಲ್ಲಿ, ಎತ್ತರದಲ್ಲಿ ಇರುವ ಐದು ಕೆಜಿ ಹೆಚ್ಚು ಕಾಟ ಕೊಡುತ್ತದೆ. ಬಂಪರಿನ ಹಿಂದೆ ತೂಗುವ ದೊಡ್ಡ ಸೈಲೆನ್ಸರ್, ಚಾವಣಿಯ ಗಾಜು, ಮುಂದಿನ ಆಕ್ಸಲಿಗಿಂತ ಮುಂದಿರುವ ಬ್ಯಾಟರಿ ಈ ಜಾತಿಯವು.

ಚಕ್ರದ ವಿಷಯದಲ್ಲಿ ಮಾತ್ರ ಕತೆ ಕಟ್ಟುವವರು ಜಾಸ್ತಿ. "ರಿಮ್ಮಿನಲ್ಲಿ ಒಂದು ಕೆಜಿ ಇಳಿಸಿದ್ರೆ ಬಾಡಿಯಲ್ಲಿ ಹತ್ತು ಕೆಜಿ ಇಳಿಸಿದ ಹಾಗೆ" ಎಂಬ ಮಾತು ಗ್ಯಾರೇಜಿನಿಂದ ಗ್ಯಾರೇಜಿಗೆ ಓಡಾಡುತ್ತದೆ. ವೇಗ ಹೆಚ್ಚಿಸುವ ಲೆಕ್ಕದಲ್ಲಿ ಅದು ಸುಳ್ಳು. ಟಯರಿನ ಹೊರ ಅಂಚಿನಲ್ಲೇ ಇದ್ದರೂ ತಿರುಗುವ ಒಂದು ಕೆಜಿ ಗರಿಷ್ಠ ಎರಡು ಕೆಜಿಗೆ ಸಮ, ರಿಮ್ಮಿನದು ಅದಕ್ಕೂ ಕಡಿಮೆ. ಹಗುರ ಚಕ್ರದ ನಿಜವಾದ ಉಪಕಾರ ಬೇರೆ: ಸ್ಪ್ರಿಂಗಿನ ಕೆಳಗಿನ ಭಾರ ಕಡಿಮೆಯಾದರೆ ಉಬ್ಬುತಗ್ಗಿನಲ್ಲಿ ಟಯರ್ ನೆಲ ಬಿಡುವುದು ಕಡಿಮೆ. 17 ಇಂಚಿನಿಂದ 15ಕ್ಕೆ ಇಳಿದು, ಬ್ರೇಕ್ ಒಳಗೆ ಹಿಡಿಸುವುದಾದರೆ, ಚಕ್ರವೂ ಹಗುರ ಟಯರೂ ಅಗ್ಗ. ಹಾಗೆಂದು ಕಂಡಕಂಡಲ್ಲಿ ಸಿಗುವ ಅಗ್ಗದ ಹಗುರ ಅಲಾಯ್ ಹಾಕಿಕೊಂಡು ಮಳೆ ಮುಗಿದ ಮೇಲಿನ ಶಿರಾಡಿ ಘಾಟಿ ಹತ್ತಿದರೆ ರಿಮ್ ಸೀಳುವುದು ಟ್ರ್ಯಾಕಿನಲ್ಲಲ್ಲ, ಘಾಟಿಯ ಬುಡದ ಗುಂಡ್ಯದಲ್ಲಿ.

ನಮ್ಮ ಊರಿನವರ ಮಟ್ಟಿಗೆ ಎಲ್ಲ ಲೆಕ್ಕವನ್ನೂ ತಲೆಕೆಳಗು ಮಾಡುವುದು ಈ ದಾರಿಯೇ. ಮಂಗಳೂರಿನಿಂದ ಕೊಯಮತ್ತೂರು 400 ಕಿ.ಮೀ.ಗೂ ಹೆಚ್ಚು, ಚೆನ್ನೈ ಹೊರವಲಯದ ಇರುಂಗಾಟುಕೋಟೈನ ಮದ್ರಾಸ್ ಸರ್ಕ್ಯೂಟ್ ಸುಮಾರು 700. ಟ್ರೇಲರ್ ಇಲ್ಲದವನ ಕಾರು ತನ್ನ ಕಾಲ ಮೇಲೆಯೇ ಹೋಗಿ ತನ್ನ ಕಾಲ ಮೇಲೆಯೇ ಮನೆಗೆ ಬರಬೇಕು. ಗೆಳೆಯ ಹಿಂದೊಮ್ಮೆ ಸ್ಟೆಪ್ನಿಯನ್ನು ಉಡುಪಿಯ ಮನೆಯ ಜಗಲಿಯಲ್ಲೇ ಬಿಟ್ಟು ಹೊರಟಿದ್ದ. ಹೋಗುವಾಗ ಏನೂ ಆಗಲಿಲ್ಲ. ಬರುವಾಗ ರಾತ್ರಿ ಹನ್ನೊಂದಕ್ಕೆ ಸಕಲೇಶಪುರ ದಾಟಿದ ಮೇಲೆ ಟಯರಿನ ಬದಿ ಹರಿಯಿತು. ಪಂಕ್ಚರ್ ಕಿಟ್ ಬದಿ ಹರಿದದ್ದಕ್ಕೆ ಆಗುವುದಿಲ್ಲ. ಬೆಳಗಿನವರೆಗೆ ಕಾರಿನಲ್ಲೇ ಮಲಗಿದ; ಹಿಂದಿನ ಸೀಟನ್ನೂ ಮನೆಯಲ್ಲೇ ಬಿಟ್ಟದ್ದರಿಂದ ಬರೀ ತಗಡಿನ ಮೇಲೆ.

ಹಿಂದಿನ ಸೀಟು ಎಂದಾಗ ಇನ್ನೊಂದು ಮಾತು. ಮುಂದಿನ ಚಕ್ರ ಎಳೆಯುವ ಸಣ್ಣ ಕಾರಿನಲ್ಲಿ ಸುಲಭವಾಗಿ ಕಳಚಲು ಬರುವುದೆಲ್ಲ ಹಿಂದೆಯೇ ಇರುತ್ತದೆ: ಸೀಟು, ಸ್ಟೆಪ್ನಿ, ಜಾಕ್, ಡಿಕ್ಕಿಯ ಹಲಗೆ. 1,100 ಕೆಜಿಯಲ್ಲಿ 62 ಶೇಕಡಾ ಮುಂದಿದೆ ಎಂದಿಟ್ಟುಕೊಳ್ಳಿ, ಅಂದರೆ ಮುಂದೆ 682, ಹಿಂದೆ 418. ಹಿಂದಿನಿಂದ 45 ಕೆಜಿ ತೆಗೆದರೆ ಮುಂದಿನ ಪಾಲು 65 ಶೇಕಡಾದ ಹತ್ತಿರ ಬರುತ್ತದೆ. ಕಾರು ಹಗುರವಾಯಿತು, ಮೂಗು ಮಾತ್ರ ಇನ್ನೂ ಭಾರ. ಸ್ಪ್ರಿಂಗುಗಳನ್ನು ಕಂಪನಿ ಮಾಡಿದ್ದು ಐದು ಜನ ಕೂತು ಡಿಕ್ಕಿ ತುಂಬುವ ಲೆಕ್ಕಕ್ಕೆ. ಖಾಲಿ ಹಿಂಭಾಗ ಮೇಲೆದ್ದು ಕೂರುತ್ತದೆ, ಜೋರಾಗಿ ಬ್ರೇಕ್ ತುಳಿದಾಗ ಬಾಲ ತೇಲಾಡುತ್ತದೆ. ತೇಲಾಡುವ ಬಾಲವನ್ನು ಇಷ್ಟಪಡುವ ಚಾಲಕರೂ ಇದ್ದಾರೆ, ತಿರುವಿಗೆ ಕಾರು ಬೇಗ ಹೊರಳುತ್ತದೆ ಎನ್ನುತ್ತಾರೆ. ಮೊದಲ ಸಲ ಟ್ರ್ಯಾಕಿಗೆ ಬಂದವರಿಗೆ ಅದು ಬೆನ್ನು ಬೆವರಿಸುವ ಅನುಭವ.

ಕಂಪನಿಗಳು ಇದನ್ನು ಹೇಗೆ ಮಾಡುತ್ತವೆ ನೋಡಿ. 1992ರಲ್ಲಿ ಹೋಂಡಾ ಎನ್‌ಎಸ್‌ಎಕ್ಸ್ ಕಾರಿನ ಆರ್ ಆವೃತ್ತಿಗೆ ಸುಮಾರು 120 ಕೆಜಿ ಇಳಿಸಿ 1,230ಕ್ಕೆ ತಂದಿತು. ಎಸಿ, ಸ್ಟೀರಿಯೊ, ಸ್ಟೆಪ್ನಿ, ಸದ್ದು ತಡೆಯುವ ಹಾಳೆ ಎಲ್ಲ ಹೋದವು, ಸೀಟುಗಳು ಹಗುರವಾದವು. ಅಷ್ಟಕ್ಕೇ ಬಿಡಲಿಲ್ಲ, ಆ ಹೊಸ ತೂಕಕ್ಕೆ ತಕ್ಕಂತೆ ಸಸ್ಪೆನ್ಷನ್ನನ್ನೇ ಬೇರೆ ಮಾಡಿದರು. ತೂಕ ಇಳಿಸುವುದು ಕೆಲಸದ ಅರ್ಧ ಭಾಗ, ಉಳಿದರ್ಧ ಅದಕ್ಕೆ ಕಾರನ್ನು ಹೊಂದಿಸುವುದು. ನಾವು ಮೊದಲರ್ಧ ಮುಗಿಸಿ ಫೋಟೊ ಹಾಕಿಬಿಡುತ್ತೇವೆ.

ಕರಾವಳಿಗೆ ಮೀಸಲಾದ ತಾಪತ್ರಯ ಇನ್ನೊಂದಿದೆ. ನೆಲದ ತಗಡಿಗೆ ಅಂಟಿಸಿದ ಡಾಂಬರಿನಂಥ ಹಾಳೆಗಳನ್ನು ಕೆರೆದು ತೆಗೆದರೆ ಹತ್ತು ಹನ್ನೆರಡು ಕೆಜಿ ಪುಕ್ಕಟೆ ಇಳಿಯುತ್ತದೆ ಎಂದು ವಿಡಿಯೊ ನೋಡಿ ಕಲಿತ ಪರಿಚಯದವರೊಬ್ಬರು ಏಪ್ರಿಲಿನಲ್ಲಿ ಉಳಿ ಹಿಡಿದು ಕೂತರು. ಹಾಳೆಯನ್ನು ಹೆಪ್ಪುಗಟ್ಟಿಸಿ ಒಡೆಯಲು ಬೇಕಾದ ಡ್ರೈ ಐಸ್ ಸಿಗಲಿಲ್ಲ, ಮಲ್ಪೆಯಿಂದ ಮೀನಿಗೆ ಹಾಕುವ ಐಸ್ ತಂದರು, ಅದರಿಂದೇನೂ ಆಗಲಿಲ್ಲ, ಕೊನೆಗೆ ಉಳಿಯೇ ಗತಿ. ಉಳಿ ಹಾಳೆಯ ಜೊತೆ ಬಣ್ಣವನ್ನೂ ಎಬ್ಬಿಸಿತು. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರ ಮೇಲೆ ಉಪ್ಪುಗಾಳಿ. ದೀಪಾವಳಿಗೆ ಮ್ಯಾಟ್ ಎತ್ತಿ ನೋಡಿದರೆ ಚಾಲಕನ ಕಾಲಡಿಯಲ್ಲಿ ಅಂಗೈ ಅಗಲದ ಕೇಸರಿ ಬಣ್ಣದ ತುಕ್ಕು. ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಜರ್ಮನಿಯವರ ವಿಡಿಯೊದಲ್ಲಿ ಇದನ್ನು ಹೇಳಿರುವುದಿಲ್ಲ. ಎಸಿಯದ್ದೂ ಅದೇ ಕತೆ. ಕಿತ್ತರೆ 15-20 ಕೆಜಿ ಹೋಗುತ್ತದೆ ಸರಿ, ಆದರೆ ಮೇ ತಿಂಗಳಲ್ಲಿ ಮಂಗಳೂರಿನ ಪಂಪ್‌ವೆಲ್ ವೃತ್ತದಲ್ಲಿ ಹತ್ತು ನಿಮಿಷ ನಿಂತ ಮೇಲೆ ಆ ಕೆಜಿಗಳನ್ನು ವಾಪಸು ಬೇಡದವರು ಯಾರು? ಮಳೆಯಲ್ಲಿ ಗಾಜಿನ ಮಂಜು ತೆಗೆಯುವುದೂ ಅದೇ ಎಸಿ.

ಕಾನೂನಿನ ವಿಷಯ ಚಿಕ್ಕದು, ಆದರೆ ಕಟ್ಟುನಿಟ್ಟು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ ಆರ್‌ಸಿಯಲ್ಲಿ ನಮೂದಾದ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಕಾಯ್ದೆ ಒಪ್ಪದ ಮಾರ್ಪಾಡು ಮಾಡಿದರೆ 182ಎ ಕಲಮಿನಡಿ ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಐದು ಸೀಟಿನ ಕಾರನ್ನು ಶಾಶ್ವತವಾಗಿ ಎರಡು ಸೀಟಿನದ್ದಾಗಿಸುವುದು ಈ ಗೆರೆಯ ಯಾವ ಬದಿಗೆ ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ವಿಮೆಯ ಪಾಲಿಸಿಯನ್ನೂ ಒಮ್ಮೆ ಬಿಚ್ಚಿ ಓದಿ: ರೇಸು, ವೇಗ ಪರೀಕ್ಷೆಗಳಲ್ಲಿ ಆದ ಹಾನಿ ಸಾಮಾನ್ಯ ಖಾಸಗಿ ಕಾರಿನ ವಿಮೆಯಲ್ಲಿ ಬರುವುದಿಲ್ಲ.

ಏರ್‌ಬ್ಯಾಗ್, ಎಬಿಎಸ್, ಬಾಗಿಲೊಳಗಿನ ತೊಲೆ, ಮೂಲ ಸೀಟ್ ಬೆಲ್ಟ್ ಇವುಗಳ ತಂಟೆಗೆ ಹೋಗಬಾರದು. ಇದರಲ್ಲಿ ನನಗೆ ಎರಡು ಮಾತಿಲ್ಲ. ಅವನ್ನು ತೆಗೆದವರು ಬದಲಿಗೆ ರೋಲ್ ಕೇಜ್, ಅಂದರೆ ಕಾರಿನೊಳಗೆ ಕಬ್ಬಿಣದ ಕೊಳವೆಗಳ ಪಂಜರ, ಹಾಕಿಸಲೇಬೇಕು, ಅದೊಂದೇ 30-40 ಕೆಜಿ. ಇಳಿಸಿದ್ದೆಲ್ಲ ಕಬ್ಬಿಣವಾಗಿ ವಾಪಸು ಬಂತು. ಹೆಲ್ಮೆಟ್ ಇಲ್ಲದ ತಲೆ ಪೇಟೆಯ ದಾರಿಯಲ್ಲಿ ಆ ಕಬ್ಬಿಣಕ್ಕೆ ಬಡಿದರೆ ಏನಾಗುತ್ತದೆ ಎಂಬುದು ಬೇರೆ ಪ್ರಶ್ನೆ.

ಹಾಗಾದರೆ ಏನು ತೆಗೆಯಬಹುದು? ಟ್ರ್ಯಾಕ್ ತಲುಪಿದ ಮೇಲೆ, ಕಾರು ನಿಲ್ಲಿಸಿ ಸಿದ್ಧಮಾಡುವ ಪ್ಯಾಡಕ್‌ನಲ್ಲಿ, ಒಂದು ಟರ್ಪಾಲು ಹಾಸಿ ಇಪ್ಪತ್ತು ನಿಮಿಷದಲ್ಲಿ ಪಾನಾ ಹಿಡಿದು ಕಳಚಲು ಬರುವುದನ್ನೆಲ್ಲ. ಸಂಜೆ ಅದೇ ಪಾನಾದಲ್ಲಿ ವಾಪಸು ಕೂರಿಸಲು ಬರಬೇಕು, ಅಷ್ಟೇ ಷರತ್ತು. ಸ್ಟೆಪ್ನಿ, ಜಾಕ್, ಹಿಂದಿನ ಸೀಟಿನ ಕೆಳಭಾಗ, ಡಿಕ್ಕಿಯಲ್ಲಿ ವರ್ಷದಿಂದ ಬಿದ್ದಿರುವ ಕೊಡೆ, ಚಪ್ಪಲಿ, ಅಮ್ಮ ಕೊಟ್ಟು ಕಳಿಸಿದ ಕುಚ್ಚಲಕ್ಕಿ. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕೆಜಿಗೆ ಸ್ವಲ್ಪ ಕಡಿಮೆ. 45 ಲೀಟರಿನ ಟ್ಯಾಂಕನ್ನು ತುಂಬಿಸದೆ 15 ಲೀಟರಿನಲ್ಲಿ ಇಳಿದರೆ 22 ಕೆಜಿ ಕಡಿಮೆ, ಲಿಥಿಯಂ ಬ್ಯಾಟರಿ ಉಳಿಸಿದ್ದರ ಎರಡು ಪಾಲಿಗೂ ಹೆಚ್ಚು, ಅದೂ ಬಿಡಿಗಾಸಿಲ್ಲದೆ. (ತೀರಾ ಕಡಿಮೆ ಬೇಡ, ಉದ್ದ ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪಿಗೆ ಗಾಳಿ ಸಿಗುತ್ತದೆ.) ಸ್ಟಿಯರಿಂಗ್ ಹಿಂದಿನ ತೂಕದ ಬಗ್ಗೆ ನಾನು ಮಾತಾಡುವ ಹಾಗಿಲ್ಲ. ಕೋರಿ ರೊಟ್ಟಿ ಬಿಟ್ಟರೆ ಐದು ಕೆಜಿ ಇಳಿದೀತು, ಯಾವ ಕಾರಿಗೂ ಅಷ್ಟು ದೊಡ್ಡ ತ್ಯಾಗ ಮಾಡಲಾರೆ.

ದುಡ್ಡು ಕೊಟ್ಟು ಇಳಿಸುವ ಕೆಜಿಗೆ ದೋಟಿಯ ಲೆಕ್ಕವೇ ಸರಿ. ಅಡಿಕೆ ಬೆಳೆಗಾರ ಕಾರ್ಬನ್ ದೋಟಿಗೆ ಸಾವಿರಾರು ರೂಪಾಯಿ ಸುರಿಯುವುದು ಹುಚ್ಚಿನಿಂದಲ್ಲ, ಕೊಯ್ಲಿನ ದಿನವಿಡೀ ಅದನ್ನು ಎತ್ತಿ ಹಿಡಿಯುವವನು ಅವನೇ. ಪ್ರತಿ ತಿಂಗಳೂ ರೇಸು ಓಡಿಸುವವನಿಗೆ ಹಗುರ ಸೀಟು, ಹಗುರ ಸೈಲೆನ್ಸರ್ ಆ ದೋಟಿಯಂತೆ. ವರ್ಷಕ್ಕೆರಡು ದಿನ ಚೆನ್ನೈಗೆ ಹೋಗಿಬರುವವನಿಗೆ ಅಲ್ಲ. ಅವನು ನಿಜಕ್ಕೂ ಹಗುರ ಕಾರು ಓಡಿಸಬೇಕೆಂದಿದ್ದರೆ ಹಳೆಯದೊಂದು ಸಣ್ಣ ಹ್ಯಾಚ್‌ಬ್ಯಾಕ್ ಕೊಂಡು, ಟ್ರ್ಯಾಕಿಗೇ ಮೀಸಲಿಟ್ಟು, ಟ್ರೇಲರ್ ಮೇಲೆ ಒಯ್ಯಲಿ. 1,700 ಕೆಜಿಯ ಎಂ2 ಕಾರಿನಿಂದ 45 ಕೆಜಿ ಕಿತ್ತರೆ ಮೂರು ಶೇಕಡಾವೂ ಆಗುವುದಿಲ್ಲ, ಕೊಂಡ ಬೆಲೆಯೂ ಮರುಮಾರಾಟದಲ್ಲಿ ಕಿತ್ತುಹೋಗುತ್ತದೆ.

ಫೆಬ್ರವರಿಯಲ್ಲಿ ಗೆಳೆಯ ಮತ್ತೆ ಚೆನ್ನೈಗೆ ಹೋಗಿ ಬಂದ. ಈ ಸಲ ಸ್ಟೆಪ್ನಿ, ಸೀಟು ಎಲ್ಲ ಜೊತೆಗಿದ್ದವು. ಅಲ್ಲಿ ಟರ್ಪಾಲಿನ ಮೇಲೆ ಇಳಿಸಿಟ್ಟು ಓಡಿಸಿದನಂತೆ. ಬಂದ ಮರುದಿನ ಕಾರಿನ ಮುಂದಿನ ಚಕ್ರ ಬಿಚ್ಚಿ ನನ್ನನ್ನು ಕರೆದ. ಲ್ಯಾಪ್ ಟೈಮ್ ಎಷ್ಟು ಬಂತು ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟು, "ಬ್ರೇಕ್ ಪ್ಯಾಡ್ ಎಷ್ಟು ಉಳಿದುಂಟು ನೋಡು ಮಾರಾಯ" ಎಂದ. 6 ಮಿ.ಮೀ. ಇತ್ತು. ಹೋದ ಸಲ ಅದೇ ಬಗೆಯ ಹೊಸ ಪ್ಯಾಡ್‌ನಲ್ಲಿ ಅಷ್ಟೇ ಸುತ್ತು ಆದ ಮೇಲೆ ಐದು ಇತ್ತೆಂದು ಅವನ ಡೈರಿಯಲ್ಲಿ ಬರೆದಿದೆ. ಸ್ವಲ್ಪ ತೂಕದಿಂದ, ಸ್ವಲ್ಪ ಅವನು ಬ್ರೇಕ್ ತುಳಿಯುವುದನ್ನು ಕಲಿತದ್ದರಿಂದ. ಯಾವುದರ ಪಾಲು ಎಷ್ಟು ಎಂದು ಚಕ್ರ ಕೂರಿಸುವವರೆಗೂ ಚರ್ಚೆ ಮಾಡಿದೆವು.